ಅಕ್ಷ ಮುಟ್ಟಿ ತಿರುಗಿದ ದಾರ

ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಹೇಳುವುದು ನನ್ನ ನೌಕರಿಯಾಗಿತ್ತು. ಮಗು ಶಾಲೆಗೆ ಬರುವಂತಿದ್ದರೆ ಶಾಲೆಗೆ, ಬರಲಾಗದಿದ್ದರೆ ಅದರ ಮನೆಗೆ. ಮನೆ ಬಾಗಲಕೋಟೆಯ ನವನಗರದಲ್ಲಿ, ಕೆಲಸ ಹುನಗುಂದದ ಕಡೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಹುನಗುಂದ, ಇಳಕಲ್ಲ, ಅಲ್ಲಿಂದ ಒಳಗಿನ ಹಳ್ಳಿಗಳು. ಹೀಗೆ ಇಪ್ಪತ್ತು ವರ್ಷದ ಹತ್ತಿರ ಬಂದಿತ್ತು. ಮೊದಮೊದಲು ಬಸ್ಸಿನಲ್ಲಿ ನಿಂತು ಹೋದರೂ ಏನೂ ಅನ್ನಿಸುತ್ತಿರಲಿಲ್ಲ. ಆಮೇಲೆ ಬಲಗಾಲಿನ ಮೊಣಕಾಲು ಹಿಡಿದುಕೊಳ್ಳತೊಡಗಿತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದೆ, ಕಂಡಕ್ಟರು ಲಗೂ ಇಳೀರಿ ಎನ್ನುತ್ತಿದ್ದ. ಬಾಗಲಕೋಟೆಯಲ್ಲೇ ಕಚೇರಿಯೊಳಗೆ ಕೂತು ಮಾಡುವ ಕೆಲಸ ಕೊಡಿರೆಂದು ಅರ್ಜಿ ಬರೆದು ಕೊಟ್ಟಿದ್ದೆ. ಅದಕ್ಕೆ ಉತ್ತರ ಬಂದಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಹೊರಟವಳು ಅಮೀನಗಡದಲ್ಲಿ ಇಳಿದೆ. ಮನೆಗೆ ನೆಂಟರು ಬರುವವರಿದ್ದರು, ಕರದಂಟು ಒಯ್ಯಬೇಕಿತ್ತು. ಬಸ್ ನಿಲ್ದಾಣದ ಎದುರಿನ ಸಣ್ಣ ಅಂಗಡಿಗೆ ಹೋದೆ. ಡಬ್ಬಿಯನ್ನು ಇಟ್ಟುಕೊಳ್ಳಲು ಚೀಲ ತೆರೆದಾಗ ಮೇಲೆಯೇ ಇದ್ದ, ಕಣ್ಣು ಕಾಣದ ಮಕ್ಕಳು ಚುಕ್ಕಿ ಒತ್ತಿ ಬರೆಯುವ ಬ್ರೈಲ್ ಪಾಟಿ ಅಂಗಡಿಯ ಹೆಂಗಸಿನ ಕಣ್ಣಿಗೆ ಬಿತ್ತು. ಇದೇನೆಂದು ಕೇಳಿದಳು. ಹೇಳಿದೆ. ಒಳಗೆ ತನ್ನ ನಾದಿನಿ ಇದ್ದಾಳೆ, ಆಕೆಗೂ ಕಣ್ಣಿಲ್ಲ, ಹತ್ತನೆಯ ಪರೀಕ್ಷೆ ಕಟ್ಟಿದ್ದಾಳೆ, ಎಲ್ಲ ವಿಷಯ ಪಾಸಾಗಿ ಗಣಿತವೊಂದು ಉಳಿದಿದೆ, ಎರಡು ಮಾತು ಆಡಿ ಹೋಗಿ ಎಂದಳು.

ನನಗೆ ಮನೆ ಸೇರಿದರೆ ಸಾಕಾಗಿತ್ತು. ನಾನು ನೋಡಿಕೊಳ್ಳುವುದು ಶಾಲೆಯ ವಯಸ್ಸಿನ ಮಕ್ಕಳನ್ನಷ್ಟೇ ಎಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೊರಗೆ ಬಿಸಿಲಿತ್ತು, ಒಳಗೆ ಕುರ್ಚಿಯಿತ್ತು. ಹೋಗಿ ಕೂತೆ.

ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನ ಹೆಂಗಸೊಬ್ಬಳು ನೆಲದ ಮೇಲೆ ಕೂತು ಕರದಂಟಿನ ರಟ್ಟಿನ ಡಬ್ಬಿಗಳನ್ನು ಮಡಚುತ್ತಿದ್ದಳು. ಚಪ್ಪಟೆ ರಟ್ಟನ್ನು ಎತ್ತಿ, ಗೆರೆಯ ಗುಂಟ ಬೆರಳು ಎಳೆದು, ನಾಲ್ಕು ಮೂಲೆ ಸಿಕ್ಕಿಸಿ ಪಕ್ಕಕ್ಕಿಡುವಷ್ಟರಲ್ಲಿ ಇನ್ನೊಂದು ಕೈಗೆ ಬಂದಿರುತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತಂತೆ. ಆಗ ಬಿಟ್ಟ ಶಾಲೆಯ ಪಾಠಗಳನ್ನು ಈಗ ಫೋನಿನಲ್ಲಿ ಕೇಳಿ ಕೇಳಿ ಕಲಿತಿದ್ದಳು. ಕಣ್ಣು ಕಾಣದವರು ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದೆಂಬುದು ಆಕೆಗೆ ಗೊತ್ತಿಲ್ಲವೇನೋ ಎಂದು ನಾನು ಅದನ್ನೇ ಮೊದಲು ಹೇಳಿದೆ. ಎಲ್ಲರೂ ಅದನ್ನೇ ಹೇಳುತ್ತಾರೆ ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆಮೇಲೆ, ಕೈಯ ಕೆಲಸ ನಿಲ್ಲಿಸದೆ, ಒಂದು ಪ್ರಶ್ನೆ ಕೇಳಿದಳು.

“ಎಕ್ಸ್ ಮೈನಸ್ ಎರಡು ಅಂತ ಅಪವರ್ತನ ಇದ್ರ, ನಕ್ಷೆ ಪ್ಲಸ್ ಎರಡರಾಗ ಅಕ್ಷ ಕಡೀತೈತಿ ಅಂತಾರ. ಚಿಹ್ನೆ ಬದಲಿಸಿ ಬರೀರಿ ಅಂತ ಫೋನಿನ ಪಾಠದಾಗ ಹೇಳ್ತಾರ. ಯಾಕ ಬದಲಿಸಬೇಕ್ರಿ?”

ನಾನು ಬಿ.ಎ. ಓದಿದವಳು. ಗಣಿತ ನನ್ನನ್ನು ಹತ್ತನೆಯ ತರಗತಿಯಲ್ಲಿ ಹೇಗೋ ದಾಟಿಸಿ ಕೈಬಿಟ್ಟಿತ್ತು. ಅದು ನಿಯಮ, ಹಾಗೆಯೇ ಮಾಡಬೇಕು ಎಂದೆ.

“ನಿಮಗೂ ಗೊತ್ತಿಲ್ಲನ್ರಿ” ಎಂದಳು, ಸಮಾಧಾನದಿಂದ, ಇನ್ನೊಂದು ರಟ್ಟು ಎತ್ತಿಕೊಳ್ಳುತ್ತ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಾಮಾನ್ಯವಾಗಿ ಕಮತಗಿ ಬರುವುದರೊಳಗೆ ನಿದ್ದೆ ಹೋಗುತ್ತಿದ್ದೆ. ಅವತ್ತು ನಿದ್ದೆ ಬರಲಿಲ್ಲ. ಅವಮಾನವಾಯಿತೆಂದಲ್ಲ. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಎಷ್ಟೋ ಸಂಗತಿಗಳನ್ನು ಹೀಗೆಯೇ ‘ಅದು ನಿಯಮ’ ಎಂದು ಹೇಳಿ ಎದ್ದು ಬಂದಿದ್ದೇನಲ್ಲ ಎನ್ನಿಸಿತು. ಯಾರೂ ತಿರುಗಿ ಕೇಳಿರಲಿಲ್ಲ. ಕೇಳಿದ್ದರೂ ಬಸ್ಸಿನ ಹೊತ್ತಾಗಿರುತ್ತಿತ್ತು.

ರವಿವಾರ ನೆಂಟರು ಹೋದ ಮೇಲೆ ಹತ್ತನೆಯ ತರಗತಿಯ ಗಣಿತ ಪುಸ್ತಕ ತೆಗೆದು ಕೂತೆ. ಬಹುಪದೋಕ್ತಿ, ಶೂನ್ಯತೆ, ಅಪವರ್ತನ ಎಂಬ ಮಾತುಗಳು ಹಳೆಯ ಸಾಲಗಾರರಂತೆ ಮುಖ ತೋರಿಸಿದವು. ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಮೂರನೆಯ ಸಲ ಒಂದು ಸಣ್ಣ ವಾಕ್ಯದ ಮುಂದೆ ನಿಂತೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಅಷ್ಟೇ. ನಕ್ಷೆ, ಅಂದರೆ ಗ್ರಾಫಿನ ಗೆರೆ, ಅಡ್ಡ ಅಕ್ಷವನ್ನು ಕಡಿಯುವ ಜಾಗದಲ್ಲಿ ಎತ್ತರ ಸೊನ್ನೆ. ಎತ್ತರವೆಂದರೆ ಅಪವರ್ತನಗಳನ್ನು ಗುಣಿಸಿ ಬಂದದ್ದು, ಅದು ಸೊನ್ನೆಯಾಗಬೇಕಾದರೆ ಯಾವುದಾದರೊಂದು ಅಪವರ್ತನ ಸೊನ್ನೆಯಾಗಬೇಕು. ಎಕ್ಸ್ ಮೈನಸ್ ಎರಡು ಸೊನ್ನೆಯಾಗಬೇಕಾದರೆ ಎಕ್ಸ್ ಎರಡೇ ಆಗಿರಬೇಕು. ಚಿಹ್ನೆಯನ್ನು ಯಾರೂ ಬದಲಿಸುವುದಿಲ್ಲ. ಐವತ್ತರ ಹತ್ತಿರದ ವಯಸ್ಸಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ನನಗೆ ಅದು ಮೊದಲ ಸಲ ತಿಳಿಯಿತು.

ಮುಂದಿನ ಶನಿವಾರ ಅಮೀನಗಡದಲ್ಲಿ ಇಳಿದೆ. ಒಂದು ತಾಸು ಮಾತ್ರ ಎಂದು ಮೊದಲೇ ಹೇಳಿದೆ. ಆಕೆ ಹೂಂ ಎಂದಳು. ಸೊನ್ನೆಯ ಮಾತನ್ನು ನನಗೆ ತಿಳಿದಂತೆ ಹೇಳಿದೆ. ಅವಳ ಕೈ ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಂದ್ರ, ಡಬ್ಬಿ ಎಷ್ಟು, ಒಂದೊಂದು ಡಬ್ಬಿಯೊಳಗ ಉಂಡಿ ಎಷ್ಟು ಅಂತ ಗುಣಿಸಿದ್ರ ಒಟ್ಟ ಉಂಡಿ ಬರತಾವ. ಒಟ್ಟ ಸೊನ್ನಿ ಬಂತಂದ್ರ ಡಬ್ಬೀನ ಇಲ್ಲ, ಇಲ್ಲಾ ಡಬ್ಬಿ ಖಾಲಿ ಅವ. ಮೂರನೇದ್ದ ಇರಾಕ ಸಾಧ್ಯ ಇಲ್ಲ. ಹೌದಿಲ್ರಿ?”

ಹೌದು ಎಂದೆ. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹೀಗೆ ಆ ಶನಿವಾರಗಳು ಶುರುವಾದವು. ಅಪವರ್ತನಗಳನ್ನು ನಾನು ಬಾಯಲ್ಲಿ ಹೇಳುವುದು, ಆಕೆ ಒಂದೊಂದನ್ನೂ ಸೊನ್ನೆ ಮಾಡಿ ಉತ್ತರ ಹೇಳುವುದು. ಎಕ್ಸ್ ಪ್ಲಸ್ ಮೂರು ಎಂದರೆ ಮೈನಸ್ ಮೂರು. ಎರಡು ಎಕ್ಸ್ ಮೈನಸ್ ಐದು ಎಂದಾಗ ನಾನು ಐದು ಎಂಬ ಉತ್ತರಕ್ಕೆ ಕಾಯುತ್ತಿದ್ದೆ, ಚಿಹ್ನೆ ಬದಲಿಸುವವರೆಲ್ಲ ಅಲ್ಲಿ ಹಾಗೆಯೇ ಬೀಳುತ್ತಾರೆ. ಆಕೆ ಎರಡೂವರೆ ಎಂದಳು. ಒಂಟಿ ಎಕ್ಸ್ ಒಂದೇ ಅಪವರ್ತನವಾಗಿ ನಿಂತರೆ ಸೊನ್ನೆಯೇ ಉತ್ತರ ಎಂಬುದನ್ನೂ ಮರೆಯಲಿಲ್ಲ. ಸಂಖ್ಯೆ ಸಾಕು, ಇಲ್ಲಿಗೆ ಬಿಡೋಣ ಎಂದು ನಾನಿದ್ದೆ. ಆದರೆ ಆಕೆಗೆ ಕಡಿಯುವುದೆಂದರೆ ಹೇಗಿರುತ್ತದೆ ಎಂದು ನೋಡಬೇಕಿತ್ತು. ನೋಡಬೇಕು ಎಂದೇ ಅಂದಳು.

ಅದಕ್ಕೊಂದು ಹಲಗೆ ಮಾಡಿದೆ. ಅಂಗಡಿಯಲ್ಲಿದ್ದ ದಪ್ಪ ರಟ್ಟಿನ ಮೇಲೆ ಎರಡು ಅಕ್ಷಗಳಿಗೆ ಸುತಳಿ ಅಂಟಿಸಿ, ಸಂಖ್ಯೆಗಳ ಜಾಗದಲ್ಲಿ ಗುಂಡುಪಿನ್ನು ಚುಚ್ಚಿ, ನಕ್ಷೆಗೆ ಉಣ್ಣೆಯ ದಾರ ಕಟ್ಟಿದೆ. ಮೊದಲನೆಯದು ಬಸ್ಸಿನಲ್ಲೇ ಬಿಚ್ಚಿಹೋಯಿತು. ಎರಡನೆಯದು ನಿಂತಿತು. ಎಕ್ಸ್ ಮೈನಸ್ ಎರಡು, ಎಕ್ಸ್ ಪ್ಲಸ್ ಮೂರು, ಇವೆರಡರ ಗುಣಲಬ್ಧ. ಆಕೆ ಎಡಗೈಯ ಬೆರಳನ್ನು ಸುತಳಿಯ ಮೇಲೆ, ಬಲಗೈಯ ಬೆರಳನ್ನು ಉಣ್ಣೆಯ ಮೇಲೆ ಇಟ್ಟು ನಿಧಾನವಾಗಿ ಸರಿಸಿದಳು. ಮೈನಸ್ ಮೂರರಲ್ಲಿ ಎರಡೂ ಬೆರಳು ಕೂಡಿದವು. ಬಲಗೈ ಕೆಳಗಿಳಿಯಿತು, ಆಳಕ್ಕೆ ಹೋಯಿತು, ಮತ್ತೆ ಏರಿ ಎರಡರಲ್ಲಿ ಎಡಗೈಯನ್ನು ಕೂಡಿತು. ಮತ್ತೊಮ್ಮೆ ಮೊದಲಿನಿಂದ ಬೆರಳು ಆಡಿಸಿದಳು. ವೈನಿ, ಅಂದರೆ ಆಕೆಯ ಅತ್ತಿಗೆಯಾದ ಅಂಗಡಿಯ ಹೆಂಗಸು, ಗಿರಾಕಿಯನ್ನು ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಗಡಿಯಾರ ನೋಡಿಕೊಂಡೆ.

ಇದನ್ನೆಲ್ಲ ಬರೆಯುವಾಗ ನಾನು ಬಹಳ ಹುರುಪಿನಿಂದ ಹೋಗುತ್ತಿದ್ದೆನೆಂದು ಅನ್ನಿಸಬಹುದು. ಹಾಗಿರಲಿಲ್ಲ. ಎಷ್ಟೋ ಶನಿವಾರ ಬಸ್ಸು ಅಮೀನಗಡಕ್ಕೆ ಬಂದಾಗ ಇಳಿಯದೆ ಕೂತುಬಿಡಲೇ ಎಂದು ಯೋಚಿಸುತ್ತಿದ್ದೆ. ಒಂದೆರಡು ಸಲ ಕೂತೂ ಬಿಟ್ಟೆ, ಜ್ವರವೆಂದು ಫೋನು ಮಾಡಿದೆ. ಜ್ವರವಿರಲಿಲ್ಲ.

ಅಪವರ್ತನವೊಂದು ಎರಡು ಸಲ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ ಆಕೆಯದೇ. ಎಕ್ಸ್ ಪ್ಲಸ್ ಒಂದು, ಎಕ್ಸ್ ಮೈನಸ್ ಎರಡು, ಮತ್ತೊಮ್ಮೆ ಎಕ್ಸ್ ಮೈನಸ್ ಎರಡು. ಮುಂದಿನ ವಾರ ಹಲಗೆಯ ಮೇಲೆ ಕಟ್ಟಿ ತರುತ್ತೇನೆಂದು ಒಪ್ಪಿಕೊಂಡೆ. ಶುಕ್ರವಾರ ಊಟವಾದ ಮೇಲೆ, ಕೂತಲ್ಲೇ ತೂಕಡಿಸುತ್ತ ದಾರ ಕಟ್ಟಿದೆ. ಮೈನಸ್ ಒಂದರಲ್ಲಿ ಕಡಿದು ಮೇಲೇರಿ, ಎರಡರಲ್ಲಿ ಕಡಿದು ಕೆಳಗಿಳಿಯುವ ಹಾಗೆ. ಎಲ್ಲ ನಕ್ಷೆಯೂ ಹಾಗೆಯೇ ಕಡಿಯುತ್ತದೆಂದು ನನ್ನ ತಿಳಿವಳಿಕೆ.

ಆ ಶನಿವಾರ ರಾಮಥಾಳದ ಕಡೆ ಹೋಗಿದ್ದೆ. ನಾನು ನೋಡಬೇಕಿದ್ದ ಮಗುವಿನ ಮನೆಗೆ ಬೀಗ ಹಾಕಿತ್ತು, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಹೊಲಕ್ಕೆ ನಡೆದೆ, ಅಲ್ಲಿಯೂ ಸಿಗಲಿಲ್ಲ. ತಿರುಗಿ ನಡೆದು ಬಂದು ಗಾಡಿ ಸಿಗದೆ ಬಿಸಿಲಲ್ಲಿ ನಿಂತೆ. ಅಮೀನಗಡ ಮುಟ್ಟಿದಾಗ ಮೊಣಕಾಲು ಬಾತಿತ್ತು. ಹಲಗೆಯನ್ನು ಆಕೆಯ ಮುಂದಿಟ್ಟು ಕುರ್ಚಿಗೆ ಒರಗಿ ಕಣ್ಣು ಅರ್ಧ ಮುಚ್ಚಿದೆ.

ಆಕೆ ಬೆರಳು ಆಡಿಸಿದಳು. ಎರಡರ ಹತ್ತಿರ ನಿಂತಳು. ತುಟಿ ಅಲುಗಿಸುತ್ತ ಏನೋ ಗುಣಿಸಿದಳು. ಒಂದರಲ್ಲಿ ಬೆಲೆ ಎಷ್ಟು, ಮೂರರಲ್ಲಿ ಎಷ್ಟು ಎಂದು ತಾನೇ ಹೇಳಿಕೊಂಡಳು.

“ಅಕ್ಕೋರ, ಒಂದರಾಗ ಪ್ಲಸ್ ಎರಡು ಬರತೈತಿ. ಮೂರರಾಗ ಪ್ಲಸ್ ನಾಕು. ಎರಡರ ಈಕಡೆನೂ ಮ್ಯಾಲ, ಆಕಡೆನೂ ಮ್ಯಾಲ. ಮತ್ತ ದಾರ ಯಾಕ ಕೆಳಗ ಹೋಗೇತ್ರಿ?”

ನಾನು ಕಣ್ಣು ತೆರೆಯಲಿಲ್ಲ. ಲೆಕ್ಕ ಮಾಡಿ ನೋಡಲೂ ಇಲ್ಲ.

“ಪುಸ್ತಕದಾಗ ಹಂಗ ಐತಿ” ಎಂದೆ.

ಆಕೆ ಹಲಗೆಯಿಂದ ಕೈ ತೆಗೆದಳು. ಪುಸ್ತಕ ಆಕೆ ನೋಡಲಾಗದ್ದು. ನಾನು ಏನು ಹೇಳಿದರೂ ಅದೇ ಪುಸ್ತಕ. ಸ್ವಲ್ಪ ಹೊತ್ತಿಗೆ ಬಸ್ಸು ಬಂತೆಂದು ವೈನಿ ಕೂಗಿದಳು. ಹಲಗೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದೆ.

ಆ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿ ಚೆನ್ನಾಗಿ ನಿದ್ದೆ ಮಾಡಿದೆ. ನಾಚಿಕೆ ಬಂದದ್ದು ಸೋಮವಾರ. ಹುನಗುಂದದ ಶಾಲೆಯೊಂದರಲ್ಲಿ ಬಿಡುವಿದ್ದಾಗ ಪುಸ್ತಕ ತೆಗೆದೆ. ಅಕ್ಷವನ್ನು ಕಡಿಯದೆ, ಬರೇ ಮುಟ್ಟಿ ಬಂದ ಕಡೆಗೇ ತಿರುಗುವ ನಕ್ಷೆಯ ಚಿತ್ರ ಅದರಲ್ಲೇ ಇತ್ತು. ನಾನು ನೋಡದೆ ಹಾಳೆ ತಿರುವಿದ್ದೆ. ಕಾಗದ ತೆಗೆದುಕೊಂಡು ಆಕೆಯ ಲೆಕ್ಕವನ್ನು ಮಾಡಿದೆ. ಒಂದೇ ಅಪವರ್ತನ ಎರಡು ಸಲ ಬಂದಾಗ ಅದು ಮೈನಸ್ ಇದ್ದರೂ ಪ್ಲಸ್ ಇದ್ದರೂ ತನ್ನನ್ನೇ ಗುಣಿಸಿಕೊಂಡು ಪ್ಲಸ್ ಆಗುತ್ತದೆ. ಎರಡರ ಆಚೆಗೂ ಈಚೆಗೂ ನಕ್ಷೆ ಮೇಲೆಯೇ. ಆಕೆ ಹೇಳಿದ್ದು ಸರಿ. ತಪ್ಪು ಹೇಳಿದ್ದಕ್ಕಿಂತ, ತಾನೇ ನೋಡಿ ತಿಳಿಯಲಾಗದವಳ ಎದುರು ಪುಸ್ತಕದ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದು ಹೆಚ್ಚು ಚುಚ್ಚಿತು. ಈ ಕೆಲಸಕ್ಕೆ ಬಂದವಳು ಮಾಡಬಾರದ ಕೆಲಸ ಅದೊಂದೇ ಇದ್ದೀತು.

ಶನಿವಾರ ಹೋದಾಗ ಹಲಗೆ ಗೋಡೆಗೆ ಒರಗಿತ್ತು. ದಾರ ಬದಲಾಗಿತ್ತು. ನಾನು ಕಟ್ಟಿದ್ದನ್ನು ಬಿಚ್ಚಿ, ಎರಡರ ಪಿನ್ನಿಗೆ ಮುಟ್ಟಿಸಿ ಮತ್ತೆ ಮೇಲಕ್ಕೆ ಎಳೆದು ಕಟ್ಟಲಾಗಿತ್ತು. ಗಂಟುಗಳು ನನ್ನವಕ್ಕಿಂತ ಗಟ್ಟಿಯಾಗಿದ್ದವು.

“ಪುಸ್ತಕದಾಗ ತಪ್ಪ ಅಚ್ಚಾಗಿರಬೇಕ್ರಿ” ಎಂದಳು.

ನನಗೆ ತಪ್ಪಿಸಿಕೊಳ್ಳಲು ದಾರಿ ಕೊಡುತ್ತಿದ್ದಳೋ ಏನೋ. ಹೌದೆಂದರೆ ಮುಗಿಯುತ್ತಿತ್ತು.

“ಪುಸ್ತಕ ಖರೇನ ಐತಿ” ಎಂದೆ. “ನಾ ನೋಡಿರಲಿಲ್ಲ. ನಿನಗ ಸುಳ್ಳ ಹೇಳಿದೆ.”

“ಗೊತ್ತಿತ್ರಿ” ಎಂದಳು. “ಆವತ್ತು ನಿಮ್ಮ ಚಪ್ಲಿ ಸಪ್ಪಳನ ಬ್ಯಾರೆ ಇತ್ತು. ಒಂದ ಕಾಲು ಎಳದಕೋತ ಬಂದ್ರಿ. ಅಂಥಾದ್ರಾಗ ಲೆಕ್ಕ ಕೇಳಬಾರದಿತ್ತು ಅಂತ ಆಮ್ಯಾಲ ಅನಸ್ತು.”

ವೈನಿ ಚಹಾ ತಂದಳು. ಕುಡಿದೆವು. ಆಮೇಲೆ ತ್ರಿಕೋನಗಳ ಪಾಠ ಶುರು ಮಾಡಿದೆವು, ಅದು ಇಬ್ಬರಿಗೂ ಬರಲಿಲ್ಲ.

ಪರೀಕ್ಷೆಯ ಕೇಂದ್ರ ಹುನಗುಂದದಲ್ಲಿ ಬಂತು. ಆಕೆ ಹೇಳಿದ್ದನ್ನು ಬರೆಯಲು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ಗಣಿತದ ದಿನ ನಾನು ಆ ಊರಿನ ಶಾಲೆಯಲ್ಲೇ ಕೆಲಸ ಹಾಕಿಕೊಂಡು, ಮುಗಿಯುವ ಹೊತ್ತಿಗೆ ಕೇಂದ್ರದ ಹೊರಗೆ ವೈನಿಯ ಜೊತೆ ನಿಂತೆ. ಎಲ್ಲರಿಗಿಂತ ಕೊನೆಗೆ ಹೊರಬಂದಳು. ಮುಖ ಬೆವತು ಹೋಗಿತ್ತು. ಗೇಟಿನ ಎದುರಿನ ಹೋಟೆಲಿನಲ್ಲಿ ಕೂಡಿಸಿ ನೀರು ಕೊಟ್ಟೆವು. ನಕ್ಷೆ ಎಳೆಯುವ ಪ್ರಶ್ನೆಯ ಬದಲು ಆಕೆಗೆ ಬೇರೆ ಪ್ರಶ್ನೆ ಕೊಟ್ಟಿದ್ದರು. ತಾನು ಹೇಳುತ್ತೇನೆ, ಈ ಹುಡುಗಿ ಎಳೆಯಲಿ ಎಂದು ಕೇಳಿದ್ದಳಂತೆ. ಅದಕ್ಕೆ ಅವಕಾಶವಿಲ್ಲ ಎಂದರಂತೆ. ಅಪವರ್ತನ ಕೊಟ್ಟು ಶೂನ್ಯತೆ, ಅಂದರೆ ಎಕ್ಸ್ ಎಷ್ಟಿದ್ದರೆ ಸೊನ್ನೆ ಬರುತ್ತದೆಂದು, ಕೇಳಿದ ಪ್ರಶ್ನೆಯೂ ಒಂದು ಬಂದಿತ್ತು. ಆಕೆ ಮೈನಸ್ ಮೂರು ಎಂದು ಹೇಳಿದಾಗ ಬರೆಯುವ ಹುಡುಗಿ, ಪ್ರಶ್ನೆಯಲ್ಲಿ ಪ್ಲಸ್ ಇದೆಯಲ್ಲ ಅಕ್ಕ ಎಂದು ಪಿಸುಗುಟ್ಟಿದಳಂತೆ. ಬರೆದದ್ದು ಸರಿಯಿದೆಯೋ ಇಲ್ಲವೋ ನೋಡಲಾಗದೆ ಆಮೇಲೆ ಪ್ರತಿ ಸಾಲನ್ನೂ ಮೂರು ಮೂರು ಸಲ ಓದಿಸಿಕೊಂಡಳು. ಮೇಲ್ವಿಚಾರಕರು ಬೇಸರಪಟ್ಟುಕೊಂಡರು. ಹೊತ್ತು ಸಾಲದೆ ಕೊನೆಯ ಎರಡು ಪ್ರಶ್ನೆ ಉಳಿದುಹೋದವು.

ಇದನ್ನೆಲ್ಲ ಆಕೆ ದೂರಿನಂತೆ ಹೇಳಲಿಲ್ಲ. ಹೇಳಿ ಮುಗಿಸಿ ಮೇಜಿನ ಮೇಲೆ ತಲೆಯಿಟ್ಟು ಅಲ್ಲೇ ಹತ್ತು ನಿಮಿಷ ಮಲಗಿದಳು. ಹೋಟೆಲಿನವರು ಏನೂ ಅನ್ನಲಿಲ್ಲ. ನನಗೂ ಹಾಗೆಯೇ ತಲೆಯಿಡಬೇಕೆನ್ನಿಸಿತು. ವೈನಿ ಒಬ್ಬಳೇ ಎಚ್ಚರವಿದ್ದು ನಮ್ಮಿಬ್ಬರ ಚೀಲ ಕಾಯುತ್ತ ಕೂತಳು.

ಪಾಸಾದಳು. ಅಂಚಿನ ಮೇಲೆ, ಆದರೆ ಪಾಸು. ಫೋನಿನಲ್ಲಿ ಹೇಳಿದಾಗ ನಾನು ಇಳಕಲ್ಲದ ನಿಲ್ದಾಣದಲ್ಲಿದ್ದೆ, ಸುತ್ತ ಗದ್ದಲ. ಎರಡು ಸಲ ಹೇಳಿಸಿಕೊಂಡೆ. ಖುಷಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಶನಿವಾರ ನೇರವಾಗಿ ಮನೆಗೆ ಹೋಗಬಹುದು ಎಂಬ ಸಮಾಧಾನ ಬಂತು. ಆ ಸಮಾಧಾನ ಬಂದದ್ದಕ್ಕೆ ಬೇಜಾರೂ ಆಯಿತು.

ಅದಾದ ಕೆಲವು ವಾರಕ್ಕೆ ಅವರಿಬ್ಬರೂ ಮಹಾಕೂಟಕ್ಕೆ ಹೊರಟಿದ್ದರು. ವೈನಿ ಹರಕೆ ಹೊತ್ತಿದ್ದಳಂತೆ. ನೀವೂ ಬರಲೇಬೇಕೆಂದು ಹಟ ಹಿಡಿದಳು. ರವಿವಾರ ಬೆಳಿಗ್ಗೆ ಬಾದಾಮಿಗೆ ಹೋಗಿ, ಅಲ್ಲಿ ಅವರನ್ನು ಕೂಡಿಕೊಂಡು ಹೋದೆ. ಗುಡಿಯ ಮುಂದಿನ ಹೊಂಡದಲ್ಲಿ ಆಕೆ ಮೆಟ್ಟಿಲ ಮೇಲೆ ಕೂತು ನೀರಲ್ಲಿ ಕಾಲು ಬಿಟ್ಟಳು. ನಾನೂ ಬಿಟ್ಟೆ. ತಣ್ಣಗಿತ್ತು. ಮಧ್ಯಾಹ್ನ ಗಿಡದ ನೆರಳಲ್ಲಿ ವೈನಿ ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ.

ನನ್ನ ಆರ್ಡರು ಬಂದ ವಿಷಯ ಅಲ್ಲಿಯೇ ಹೇಳಿದೆ. ಮುಂದಿನ ತಿಂಗಳಿನಿಂದ ಬಾಗಲಕೋಟೆಯ ಕಚೇರಿಯಲ್ಲಿ ಕುರ್ಚಿಯ ಕೆಲಸ. ಈ ಕಡೆ ಬರುವುದಿಲ್ಲ. ಹೇಳುವಾಗ ದನಿ ಸ್ವಲ್ಪ ತಗ್ಗಿತು, ಯಾಕೋ ತಪ್ಪು ಒಪ್ಪಿಕೊಂಡಂತೆ. ಛಲೋ ಆಯಿತು, ಮೊಣಕಾಲಿಗೆ ಆರಾಮಾಗುತ್ತದೆ ಎಂದಳು ಆಕೆ. ಪಿಯುಸಿ ಕಟ್ಟುವ ವಿಚಾರ ಎಲ್ಲಿಗೆ ಬಂತು ಎಂದು ಕೇಳಿದೆ. ಗಣಿತ ಹೇಳಿಕೊಡುವ ಉಪನ್ಯಾಸಕರೊಬ್ಬರ ಹತ್ತಿರ ಆಗಲೇ ಮಾತಾಡಿ ಇಟ್ಟಿದ್ದೆ, ಅವರು ಫೋನಿನಲ್ಲಿ ಹೇಳಿಕೊಡಲು ಒಪ್ಪಿದ್ದರು. ಅದನ್ನೂ ಹೇಳಿದೆ.

ಆಕೆ ರೊಟ್ಟಿ ಮುರಿಯುತ್ತಿದ್ದಳು.

“ಬ್ಯಾಡ್ರಿ ಅಕ್ಕೋರ. ಇತಿಹಾಸ, ಸಮಾಜಶಾಸ್ತ್ರ ತೊಗೋತೇನಿ. ಗಣಿತ ಸಾಕ್ರಿ. ದಣದೇನಿ.”

ಇಷ್ಟೆಲ್ಲ ಮಾಡಿ ಈಗ ಬಿಡುವುದೇ ಎಂದು ನನ್ನ ಬಾಯಿಗೆ ಬಂತು. ಎರಡು ದಿನ ಫೋನು ಮಾಡಿ ಆ ಉಪನ್ಯಾಸಕರನ್ನು ಒಪ್ಪಿಸಿದ್ದು ನೆನಪಾಯಿತು.

“ಗಣಿತ ಬರೂದಿಲ್ಲ ಅಂತ ಬಿಟ್ಟಿಲ್ಲಲ್ರಿ ಈಗ” ಎಂದು ಮೆಲ್ಲಗೆ ಸೇರಿಸಿದಳು.

ಅದಕ್ಕೆ ನಾನು ಹೂಂ ಎಂದೆ. ಹೊಂಡದಲ್ಲಿ ಯಾರೋ ಹುಡುಗಿಯರು ನೀರು ಎರಚಾಡುತ್ತಿದ್ದರು. ವೈನಿ ಕೇಳದೆಯೇ ಇನ್ನೊಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ಬೇಡ ಎನ್ನುವಷ್ಟು ಶಕ್ತಿ ಉಳಿದಿರಲಿಲ್ಲ. ತಿಂದೆ.